ಹೊದಿಸುವ ಸೇವೆ: ಮುಸ್ಲಿಂ ರೋಗಿಗಳ ಶುಶ್ರೂಷೆಯಲ್ಲಿ ಲಜ್ಜೆಯ ಮನ್ನಣೆ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಮಾರಿಕುಪ್ಪಂನಿಂದ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಅನೇಕರು. ಅವರು ಮರಳುವವರೆಗೆ ಲೈನ್ ಮನೆಗಳಲ್ಲಿ ವೃದ್ಧರೂ ರೋಗಿಗಳೂ ಒಂಟಿ. ಇಂಥವರ ಶುಶ್ರೂಷೆಗೆ ಹೊರಟವರು ಮುಸ್ಲಿಮರ ಮನೆಬಾಗಿಲನ್ನೂ ತಟ್ಟುತ್ತಾರೆ. ಮೈ ಒರೆಸುವ, ಹುಣ್ಣು ತೊಳೆಯುವ, ಬಟ್ಟೆ ಬದಲಿಸುವ ಕೈಗಳು ಅಲ್ಲಿ ಪಾಲಿಸಬೇಕಾದ ಮರ್ಯಾದೆ ಯಾವುದು?

ಇಸ್ಲಾಮಿನಲ್ಲಿ ಲಜ್ಜೆ, ಅಂದರೆ ‘ಹಯಾ’, ವಿಶ್ವಾಸದ ಅಂಗ. ಕುರ್‌ಆನಿನ 24ನೆಯ ಅಧ್ಯಾಯವು ದೃಷ್ಟಿಸಂಯಮವನ್ನು ಮೊದಲು ಪುರುಷರಿಗೆ, ಬಳಿಕ ಸ್ತ್ರೀಯರಿಗೆ ವಿಧಿಸುತ್ತದೆ. ಆದುದರಿಂದ ಇದು ಹೆಂಗಸರ ಪರದೆಯ ಮಾತಷ್ಟೇ ಅಲ್ಲ. ನಾಭಿಯಿಂದ ಮೊಣಕಾಲಿನವರೆಗೆ ಮೈ ಮುಚ್ಚಿರಬೇಕೆಂಬುದು ಗಂಡಸರಿಗೂ ಉಂಟು. ಚಿಕಿತ್ಸೆ ಅನಿವಾರ್ಯವಾದಾಗ ಅವರ ಧರ್ಮಶಾಸ್ತ್ರಜ್ಞರು ಸಡಿಲಿಕೆ ನೀಡುತ್ತಾರೆ, ಆದರೆ ಅಗತ್ಯವಿದ್ದಷ್ಟಕ್ಕೆ ಮಾತ್ರ. ನಮ್ಮ ಅವಸರವು ಅವರ ಅನಿವಾರ್ಯತೆಯಲ್ಲ.

ಇದನ್ನು ಸೇವೆಗೆ ಅಡ್ಡಿಯೆಂದು ಬಗೆಯುವವರು ಧರ್ಮಸಭೆಯ ಚರಿತ್ರೆಯನ್ನು ನೆನೆಯಬೇಕು. ಪುರುಷ ವೈದ್ಯರ ಮುಂದೆ ಬಾರದ ಸ್ತ್ರೀಯರಿಗಾಗಿ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಕಳೆದ ಶತಮಾನದ ಆರಂಭದಲ್ಲಿ ರಾವಲ್ಪಿಂಡಿಯಲ್ಲಿ ಆಸ್ಪತ್ರೆ ತೆರೆಸಿದರು. ಆದರೆ ಹೆರಿಗೆಯ ಚಿಕಿತ್ಸೆ ನೀಡಲು ಧರ್ಮಭಗಿನಿಯರಿಗೆ ಅಂದು ಅನುಮತಿಯಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ದುಡಿದ ವೈದ್ಯೆ ಆನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಭಗಿನಿಯರ ಸಂಘವೊಂದನ್ನು ಕಟ್ಟಿದರು. 1936ರಲ್ಲಿ ರೋಮ್ ಅನುಮತಿ ನೀಡಿತು. ರೋಗಿಗಳು ತಮ್ಮ ಲಜ್ಜೆಯನ್ನು ಬಿಡಬೇಕಾಗಲಿಲ್ಲ; ಧರ್ಮಸಭೆಯೇ ತನ್ನ ನಿಯಮವನ್ನು ಬದಲಿಸಿಕೊಂಡಿತು.

ಇದು ಪರಧರ್ಮಕ್ಕೆ ತೋರುವ ರಿಯಾಯಿತಿಯಲ್ಲ. ವಸ್ತ್ರವಿಲ್ಲದವರಿಗೆ ಉಡಿಸುವುದು ನಾವು ಕಲಿತ ಕಾರುಣ್ಯಕಾರ್ಯಗಳಲ್ಲೊಂದು. ಆದಿಕಾಂಡದಲ್ಲಿ ದೇವರು ಪಾಪಗೈದ ಮಾನವರಿಗೂ ಉಡುಪು ತೊಡಿಸುತ್ತಾರೆ. ಶಿಲುಬೆಯ ಹಾದಿಯ ಹತ್ತನೆಯ ಸ್ಥಳದಲ್ಲಿ ಮಾನವರು ದೇವಪುತ್ರರ ಉಡುಪನ್ನು ಕಳಚುತ್ತಾರೆ. ರೋಗಿಯ ಹಾಸಿಗೆಯ ಬಳಿ ನಮ್ಮ ಕೈ ಇವೆರಡರಲ್ಲಿ ಒಂದನ್ನು ಅನುಸರಿಸುತ್ತದೆ.

ಆದುದರಿಂದ ಹೊಸ್ತಿಲಲ್ಲೇ ನಿಂತು ಒಪ್ಪಿಗೆ ಕೇಳೋಣ. ಹೆಂಗಸರಿಗೆ ಹೆಂಗಸರನ್ನೂ ಗಂಡಸರಿಗೆ ಗಂಡಸರನ್ನೂ ಕಳುಹಿಸೋಣ. ತೊಳೆಯುವ ಭಾಗವನ್ನಷ್ಟೇ ತೆರೆದು ಉಳಿದುದನ್ನು ಹೊದಿಕೆಯೊಳಗಿಡೋಣ. ಕೇಳದೆ ತಲೆವಸ್ತ್ರ ಸರಿಸದಿರೋಣ. ಒಂದೇ ಕೋಣೆಯ ಮನೆಯಲ್ಲಿ ಹಗ್ಗಕ್ಕೆ ಹಾಕಿದ ಸೀರೆಯೇ ಗೋಡೆಯಾದೀತು. ತಕ್ಕವರು ಸಿಗದಿದ್ದರೆ ಅದನ್ನು ರೋಗಿಗೇ ತಿಳಿಸೋಣ. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ, ಸಂಜೆಯ ರೈಲಿಗೆ ಮಗಳು ಬರುವ ತನಕ ಕಾಯೋಣ. ಎಲ್ಲ ಮುಸ್ಲಿಮರ ರೂಢಿ ಒಂದೇ ಅಲ್ಲ. ಪುಸ್ತಕದಿಂದ ಊಹಿಸುವ ಬದಲು ಆ ವ್ಯಕ್ತಿಯನ್ನೇ ಕೇಳೋಣ. ತನಗೆ ಏನು ಬೇಕೆಂದು ಕುರುಡ ಬಾರ್ತಿಮಾಯನನ್ನು ಯೇಸುಸ್ವಾಮಿಯೂ ಮೊದಲು ಕೇಳಿದರು, ಗುಣಪಡಿಸಿದ್ದು ಆಮೇಲೆ.