ನಾಯಿಯ ಒಣಚರ್ಮವೂ ಮನೆಯ ಮದ್ದೂ

ಸಾಕಿದ ನಾಯಿಯ ಮೈಯಿಂದ ಬಿಳಿಯ ಹೊಟ್ಟು ಉದುರತೊಡಗಿತೆಂದರೆ ಮನೆಮಂದಿಯೆಲ್ಲರೂ ಒಮ್ಮೆಗೇ ವೈದ್ಯರಾಗಿಬಿಡುವರು. ಒಬ್ಬರು ಕೊಬ್ಬರಿಯೆಣ್ಣೆ ಎನ್ನುವರು, ಮತ್ತೊಬ್ಬರು ಸೀಮೆಎಣ್ಣೆ ಎನ್ನುವರು. ಮೋಟಾರು ಯಂತ್ರದಿಂದ ಬಸಿದ ಕರಿಯ ಎಣ್ಣೆಯೇ ದಿವ್ಯೌಷಧವೆಂದು ನಂಬಿದವರೂ ಉಂಟು. ಇವರ ಕರುಣೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ನಾಯಿಯ ಮೈಗೆ ಹಚ್ಚಿದುದು ಗಳಿಗೆಯೊಳಗೆ ಅದರ ನಾಲಗೆಗೆ ಬರುವುದೆಂಬುದನ್ನು ಅವರು ಮರೆಯುತ್ತಾರೆ. ಸೀಮೆಎಣ್ಣೆಯು ಚರ್ಮವನ್ನು ಸುಡುವುದಲ್ಲದೆ, ನೆಕ್ಕುವಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಸೋರಿಯಾಸಿಸ್ ರೋಗಕ್ಕೆ ಮನುಷ್ಯರು ಹಚ್ಚಿಕೊಳ್ಳುವ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಅತ್ಯಲ್ಪವಾಗಿ ಹೊಟ್ಟೆ ಸೇರಿದರೂ ನಾಯಿಯನ್ನು ಕೊಲ್ಲಬಲ್ಲುದು. ಸತುವಿನ ಮುಲಾಮು, ಟೀ ಟ್ರೀ ಎಣ್ಣೆ, ಇವೂ ವರ್ಜ್ಯ.

ನಾಯಿಯ ಚರ್ಮವು ನಮ್ಮದರಂತಲ್ಲ. ನಮ್ಮ ಹೊರಚರ್ಮದಲ್ಲಿ ಜೀವಕೋಶಗಳ ಪದರಗಳು ಸುಮಾರು 10ರಿಂದ 15 ಇದ್ದರೆ, ನಾಯಿಯಲ್ಲಿ 3ರಿಂದ 5 ಮಾತ್ರ. ನಮ್ಮ ಚರ್ಮಕ್ಕಿರುವಷ್ಟು ಆಮ್ಲಗುಣವೂ ಅದಕ್ಕಿಲ್ಲ. ಆದುದರಿಂದ ನಮ್ಮ ಸಾಬೂನಿನಿಂದ ವಾರವಾರವೂ ಉಜ್ಜಿ ತೊಳೆದರೆ, ಇರುವ ಸ್ವಲ್ಪ ಜಿಡ್ಡೂ ಹೋಗಿ ಚರ್ಮ ಇನ್ನಷ್ಟು ಒಣಗುವುದು. ಶುಚಿಯ ಅತ್ಯಾಸೆಯೇ ಎಷ್ಟೋ ಮನೆಗಳಲ್ಲಿ ಈ ಕಷ್ಟದ ಮೂಲ.

ಮದ್ದಿಗಿಂತ ಮೊದಲು ಕಾರಣವನ್ನು ನೋಡತಕ್ಕದ್ದು. ಹೇನು ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದುದನ್ನು ಒದ್ದೆಯಾದ ಬಿಳಿಯ ಕಾಗದದ ಮೇಲೆ ಇಡಿರಿ. ಕರಿಯ ಕಣಗಳ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಅಲ್ಲಿ ಯಾವ ಎಣ್ಣೆಯೂ ನಾಟದು, ಚಿಗಟವನ್ನೇ ನಿವಾರಿಸಬೇಕು. ಮುಧೋಳದ ಬೇಟೆನಾಯಿಯಂಥ ಕೃಶವಾದ ತಳಿಗಳಲ್ಲಿ ಮೊಳಕೈ ಮಾತ್ರ ಒಣಗಿ ದಪ್ಪವಾಗಿದ್ದರೆ ಬಹುಮಟ್ಟಿಗೆ ಅದು ಗಟ್ಟಿನೆಲದ ಮೇಲೆ ಮಲಗಿದ ಫಲ. ಅದಕ್ಕೆ ಬೇಕಾದುದು ಮೆತ್ತನೆಯ ಹಾಸು.

ಚಳಿಗಾಲದ ಒಣಹವೆಯಿಂದ ಬರಿಯ ಹೊಟ್ಟಷ್ಟೇ ಉದುರುತ್ತಿದ್ದು, ನಾಯಿ ಲವಲವಿಕೆಯಿಂದಿದ್ದರೆ ಮನೆಯ ಉಪಚಾರ ಸಾಕು. ಸಕ್ಕರೆಯಾಗಲಿ ಸುವಾಸನೆಯಾಗಲಿ ಸೇರಿಸದ ಓಟ್ಸ್ ಧಾನ್ಯವನ್ನು, ನೀರಿಗೆ ಹಾಕಿದರೆ ಹಾಲಿನಂತಾಗುವಷ್ಟು ನಯವಾಗಿ ಪುಡಿಮಾಡಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ಕಲಸಿ, 10 ನಿಮಿಷ ಮೈಗೆ ಹುಯ್ಯುತ್ತಿದ್ದು, ಚೆನ್ನಾಗಿ ತೊಳೆದು ಒರಸಿರಿ. ಬಿಸಿನೀರು ಕೂಡದು. ಕೊಬ್ಬರಿಯೆಣ್ಣೆ ಬೇಕೆಂದರೆ ಬಿರಿದ ಜಾಗಕ್ಕೆ ಎರಡು ತೊಟ್ಟು ಸಾಕು. ಮೈತುಂಬ ಬಳಿದರೆ ಅದನ್ನೆಲ್ಲ ನೆಕ್ಕಿ ಭೇದಿ ಮಾಡಿಕೊಳ್ಳುವುದು. ಮೀನೆಣ್ಣೆಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಆಹಾರದೊಡನೆ ಕೊಡಬಹುದು. ಹೊರಚರ್ಮ ಹೊಸದಾಗಲು ಸುಮಾರು 3 ವಾರ ಬೇಕಾಗುವುದರಿಂದ, ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಮದ್ದು ಬದಲಾಯಿಸುವುದು ಸಲ್ಲದು.

ಕೂದಲು ಬಟ್ಟಲಾಕಾರವಾಗಿ ಉದುರಿದರೆ, ದುರ್ವಾಸನೆ ಬಂದರೆ, ರಾತ್ರಿ ನಿದ್ರೆಗೆಡುವಷ್ಟು ಕೆರೆದುಕೊಂಡರೆ, ಅಥವಾ ಮನೆಯ ಮಕ್ಕಳಿಗೂ ತುರಿಕೆ ಹತ್ತಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ನುಸಿಯ ಕಜ್ಜಿಯೂ ಗಜಕರ್ಣವೂ ಮನುಷ್ಯರಿಗೆ ಅಂಟುವ ರೋಗಗಳು. ನಡುವಯಸ್ಸಿನ ನಾಯಿ ಸೋಮಾರಿಯಾಗಿ ದಪ್ಪವಾಗುತ್ತ ಬಂದು, ಎರಡು ಪಕ್ಕೆಗಳಲ್ಲಿಯೂ ಸಮನಾಗಿ ಕೂದಲು ತೆಳುವಾದರೆ ಥೈರಾಯಿಡ್ ಗ್ರಂಥಿಯ ದೋಷವಿರಬಹುದು. ಕರೆದೊಯ್ಯುವ ದಿನ ಸ್ನಾನವನ್ನಾಗಲಿ ಎಣ್ಣೆಯನ್ನಾಗಲಿ ಮಾಡಿಸದಿರಿ. ವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದುದು ತೊಳೆದ ನೀರಿನಲ್ಲಿಯೇ ಹರಿದುಹೋಗಬಹುದು.