ಗುಬ್ಬಿಯ ದಾರಿಯಲ್ಲೊಂದು ಜರ್ಮನ್ ಧಾಟಿ

ತುಮಕೂರಿನ ಬಟವಾಡಿಯಿಂದ ಬಿ.ಎಚ್. ರಸ್ತೆ ಹಿಡಿದು ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ. ಹಾಡಿನ ಮಾತು ಬಂದರೆ ಈ ಸೀಮೆಯವರು ಮೊದಲು ನೆನೆಯುವುದು ವೀರಣ್ಣನವರನ್ನು, 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು, ಅದರ ಹಾರ್ಮೋನಿಯಂ ಪೆಟ್ಟಿಗೆಯನ್ನು. ಆದರೆ ಅದಕ್ಕೂ ಮುಂಚೆ, 1830ರ ದಶಕದ ಕೊನೆಗೇ, ಇದೇ ಗುಬ್ಬಿಗೆ ಥಾಮಸ್ ಹಾಡ್ಸನ್, ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಷನರಿಗಳು ಬಂದಿದ್ದರು. ಅವರ ಪಂಥಕ್ಕೆ ಮೂಲಪುರುಷರಾದ ಜಾನ್ ವೆಸ್ಲಿ, ಅಮೆರಿಕದ ಹಡಗುಯಾನದಲ್ಲಿ ಜರ್ಮನ್ ಭಕ್ತರ ಹಾಡು ಕೇಳಿ, ಅವರ ಭಾಷೆ ಕಲಿತು, ಆ ಹಾಡುಗಳನ್ನು ಇಂಗ್ಲಿಷಿಗೆ ತಂದವರು.

ಆ ಬಗೆಯ ಹಾಡಿಗೆ ಕೊರಾಲ್ ಎಂದು ಹೆಸರು.

ಮಾರ್ಟಿನ್ ಲೂಥರ್ 1520ರ ದಶಕದಲ್ಲಿ ಇದಕ್ಕೆ ನೆಲೆ ಕೊಟ್ಟರು. ಅಲ್ಲಿಯವರೆಗೆ ಪೂಜೆಯ ಹಾಡು ಹೆಚ್ಚಾಗಿ ಲ್ಯಾಟಿನ್‌ನಲ್ಲಿತ್ತು, ಪಾದ್ರಿಗಳ ಮತ್ತು ಗಾಯಕವೃಂದದ ಪಾಲಿನದಾಗಿತ್ತು. ಲೂಥರ್ ಅದನ್ನು ಜನರ ನುಡಿಗೆ, ಜನರ ಬಾಯಿಗೆ ಕೊಟ್ಟರು. ವಚನದ ನಾಡಿನವರಿಗೆ ಆ ಆಸೆ ಹೊಸದೇನಲ್ಲ.

ಒಂದು ಧಾಟಿಯನ್ನೇ ಹತ್ತಿರದಿಂದ ನೋಡಬಹುದು. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆ ಅದು. ಮುಂದೆ ಪೌಲ್ ಗೆರ್ಹಾರ್ಟ್ ಬರೆದ, ಮುಳ್ಳಿನ ಕಿರೀಟ ತೊಟ್ಟ ಯೇಸುವಿನ ತಲೆಯನ್ನು ಕುರಿತ ಹಾಡಿಗೆ ಇದೇ ಧಾಟಿ ಅಂಟಿಕೊಂಡಿತು. ಹಾರ್ಮೋನಿಯಂ ಇದ್ದವರು ಮೊದಲ ಸಾಲನ್ನು ನುಡಿಸಿ ನೋಡಬಹುದು, ನಟಭೈರವಿಯ ಸ್ವರಗಳಲ್ಲಿ: ಕೆಳಗಿನ ಪ, ಅಲ್ಲಿಂದ ಸ, ಆಮೇಲೆ ನಿ ದ ಪ ಮ ಎಂದು ಮೆಟ್ಟಿಲಿಳಿದು ಮತ್ತೆ ಪ. ಏಳು ಅಕ್ಷರಕ್ಕೆ ಏಳು ಸ್ವರ, ಗಮಕವಿಲ್ಲ, ಸಂಗತಿಯಿಲ್ಲ. ಸಾಲಿನ ಕೊನೆಗೆ ಎಲ್ಲರೂ ಉಸಿರು ತೆಗೆದುಕೊಳ್ಳುವಷ್ಟು ನಿಲುಗಡೆ. ಮೊದಲೆರಡು ಸಾಲಿನ ಧಾಟಿ ಮತ್ತೊಮ್ಮೆ ಬಂದು, ಬಳಿಕ ಹೊಸತು ತೆರೆದುಕೊಳ್ಳುತ್ತದೆ. ಎಂದೂ ಸಂಗೀತ ಕಲಿಯದವರೂ ಎರಡನೇ ಚರಣಕ್ಕೆ ದನಿಗೂಡಿಸಬಲ್ಲರು.

ಧಾಟಿ ಇಷ್ಟು ಸರಳವಾದರೂ ಅದರಡಿಯ ಕೆಲಸ ಸರಳವಲ್ಲ. ನಾಲ್ಕು ದನಿಗಳಲ್ಲಿ ಮೇಲಿನದಾದ ಸೊಪ್ರಾನೊ ಧಾಟಿ ಹಾಡುವಾಗ, ಕೆಳಗಿನ ಆಲ್ಟೊ, ಟೆನರ್, ಬೇಸ್ ತಮ್ಮ ತಮ್ಮ ದಾರಿಯಲ್ಲೇ ನಡೆದು ಪ್ರತಿ ಅಕ್ಷರದಲ್ಲೂ ಕೂಡುತ್ತವೆ. ಜೊಹಾನ್ ಸೆಬಾಸ್ಟಿಯನ್ ಬಾಖ್, ಯೇಸುವಿನ ಯಾತನೆಯ ಕಥೆಯನ್ನು ಹಾಡುವ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಇದೇ ಧಾಟಿಯನ್ನು ಐದು ಸಲ ತರುತ್ತಾರೆ. ಅವುಗಳಲ್ಲೊಂದರ ಸಾಹಿತ್ಯ ವೆಸ್ಲಿ ಇಂಗ್ಲಿಷಿಗೆ ತಂದ, ಗೆರ್ಹಾರ್ಟರ ಇನ್ನೊಂದು ಗೀತೆಯದು. ಐದನೆಯದು ಯೇಸು ಪ್ರಾಣ ಬಿಟ್ಟ ಕೂಡಲೇ ಬರುತ್ತದೆ: ಶ್ರುತಿ ಎಲ್ಲಕ್ಕಿಂತ ಕೆಳಗೆ, ಒಳದನಿಗಳು ಅರ್ಧರ್ಧ ಸ್ವರ ಸರಿಯುತ್ತಾ ಸಾಗುತ್ತವೆ. ಮೇಲಿನ ಧಾಟಿ ಮಾತ್ರ ಅದೇ. ದುಃಖವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಆಳಕ್ಕೆ ಇಳಿಸಿದ ಸಂಗೀತ ಅಪರೂಪ.

ಕನ್ನಡಕ್ಕೆ ಈ ಧಾಟಿಗಳು ನೇರವಾಗಿ ಬಂದದ್ದು 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ ಮೂಲಕ. ಹೆರ್ಮನ್ ಮೊಗ್ಲಿಂಗ್, ಗಾಟ್‌ಫ್ರೀಡ್ ವೈಗ್ಲೆ ಜರ್ಮನ್ ಹಾಡುಗಳನ್ನು ಕನ್ನಡಿಸಿದರು. ತೊಡಕಿದ್ದದ್ದು ಇಲ್ಲೇ. ಕೊರಾಲ್ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಉದ್ದ ಕೊಡುತ್ತದೆ. ಕನ್ನಡವೋ ಲಘು–ಗುರುಗಳ ಮೇಲೆ ನಿಂತ ನುಡಿ. ‘ಬಲ’ ಎಂದು ಹಾಡಿದ್ದು ‘ಬಾಲ’ ಎಂದು ಕೇಳಿದರೆ ಪ್ರಾರ್ಥನೆಯ ಅರ್ಥವೇ ಕೆಟ್ಟಿತು.

1853ರಲ್ಲಿ ಅದೇ ಮಿಷನ್‌ನಿಂದ ಬಂದ ಫರ್ಡಿನಾಂಡ್ ಕಿಟೆಲ್ ಬೇರೆ ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಹಾಡಿಸಿದರು. 1875ರಲ್ಲಿ ಅವರು ಸಂಪಾದಿಸಿದ, ಕನ್ನಡ ಛಂದಸ್ಸನ್ನು ಕುರಿತ ನಾಗವರ್ಮನ ‘ಛಂದೋಂಬುಧಿ’ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ.