ಎರೆಭೂಮಿಯ ಬೇರುಗಂಟುಗಳಲ್ಲಿ ಋತುಭೇದ

ದ್ವಿದಳ ಧಾನ್ಯದ ಸಸ್ಯಗಳು ಬೇರುಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳ ನೆರವಿನಿಂದ ವಾಯುವಿನ ಸಾರಜನಕವನ್ನು ಬಳಸಿಕೊಳ್ಳುತ್ತವೆಂಬುದನ್ನು ಹೆಲ್‌ರೀಗಲ್ ಮತ್ತು ವಿಲ್ಫಾರ್ಥ್ ಎಂಬ ಜರ್ಮನ್ ವಿಜ್ಞಾನಿಗಳು 1886-88ರಲ್ಲಿ ಸಿದ್ಧಪಡಿಸಿದರು. ಆದರೆ ಈ ಸ್ಥಿರೀಕರಣಕಾರ್ಯವು ಬೆಳೆಯ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿ ನಡೆಯುವುದಿಲ್ಲ. ಈ ಏರಿಳಿತವನ್ನು ಅರಿಯದವನು ಬೇರುಗಂಟುಗಳ ವಿಷಯದಲ್ಲಿ ತಪ್ಪು ತೀರ್ಮಾನಕ್ಕೆ ಬರುವ ಸಂಭವವುಂಟು.

ಇಂಡಿ ಸೀಮೆಯ ತಾಂಬಾದ ಸುತ್ತಲಿನ ಎರೆಭೂಮಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಲ್ಲಿ ತೊಗರಿಯು ಮುಂಗಾರಿನ ಬೆಳೆ. ಜೂನ್-ಜುಲೈಯಲ್ಲಿ ಬಿತ್ತಿದ ಕೆಲವೇ ವಾರಗಳಲ್ಲಿ ಬೇರುಗಳಲ್ಲಿ ಗಂಟುಗಳು ಮೂಡುತ್ತವೆ. ಸಮರ್ಥವಾದ ಗಂಟನ್ನು ಸೀಳಿದರೆ ಒಳಭಾಗವು ಕೆಂಪಾಗಿರುತ್ತದೆ. ಈ ಬಣ್ಣಕ್ಕೆ ಕಾರಣವಾದ ಲೆಗ್‌ಹೀಮೊಗ್ಲೋಬಿನ್, ನಮ್ಮ ರಕ್ತದ ವರ್ಣದ್ರವ್ಯಕ್ಕೆ ಬಂಧುವಾದ ವಸ್ತು. ಸಾರಜನಕವನ್ನು ಸ್ಥಿರಗೊಳಿಸುವ ನೈಟ್ರೋಜಿನೇಸ್ ಕಿಣ್ವವು ಆಮ್ಲಜನಕದ ಆಧಿಕ್ಯದಿಂದ ಕೆಡುವುದರಿಂದ, ಬ್ಯಾಕ್ಟೀರಿಯಗಳ ಉಸಿರಾಟಕ್ಕೆ ಬೇಕಾದಷ್ಟನ್ನೇ ಇದು ಹಿಡಿದು ಒದಗಿಸುತ್ತದೆ.

ತೊಗರಿಯು ಹೂ ಬಿಟ್ಟು ಕಾಯಿ ಕಟ್ಟತೊಡಗಿದಂತೆ ಈ ಚಟುವಟಿಕೆ ಕುಗ್ಗುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆಯು ಬೇರಿಗೆ ಇಳಿಯುವ ಬದಲು ಕಾಯಿಗಳತ್ತ ಸಾಗುವುದು ಇದಕ್ಕೊಂದು ಕಾರಣ. ಮಳೆ ಅತಿಯಾದಾಗ ಎರೆಮಣ್ಣಿನಲ್ಲಿ ನೀರು ನಿಂತು ಗಾಳಿಯಾಡದಿರುವುದು, ಮಳೆ ನಿಂತ ಮೇಲೆ ಮೇಲ್ಪದರು ಒಣಗುವುದು, ರಿವೆಲಿಯಾ ಎಂಬ ನೊಣದ ಮರಿಹುಳುಗಳು ಗಂಟುಗಳನ್ನು ಒಳಗಿನಿಂದ ಟೊಳ್ಳುಮಾಡುವುದು, ಇವು ಇತರ ಕಾರಣಗಳು. ಮುಪ್ಪಡರಿದ ಗಂಟಿನ ಕೆಂಪು ಮಾಸಿ ಹಸುರು ಅಥವಾ ಕಂದುಬಣ್ಣ ತಾಳುತ್ತದೆ.

ಹಿಂಗಾರಿನ ಕಡಲೆಯ ಸ್ಥಿತಿ ಬೇರೆ. ಅದರ ಗಂಟು ತುದಿಯಲ್ಲಿ ಬೆಳೆಯುತ್ತ ಹವಳದಂತೆ ಕವಲೊಡೆಯುತ್ತದೆ. ಆದುದರಿಂದ ಒಂದೇ ಗಂಟಿನಲ್ಲಿ ಎಳೆಯ ಭಾಗವನ್ನೂ ಮುಪ್ಪಿನ ಭಾಗವನ್ನೂ ಕಾಣಬಹುದು. ಆದರೆ ನೆಲದಲ್ಲಿ ಉಳಿದ ತೇವವೇ ಅದಕ್ಕೆ ಆಧಾರವಾದುದರಿಂದ, ಮೇಲ್ಮಣ್ಣು ಆರಿದಂತೆ ಅದರ ಕಾರ್ಯವೂ ಇಳಿಮುಖವಾಗುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕೊಯ್ಲಿನ ವೇಳೆ ಕಿತ್ತ ತೊಗರಿಯ ಬೇರಿನಲ್ಲಿ ಗಂಟುಗಳಿಲ್ಲವೆಂದ ಮಾತ್ರಕ್ಕೆ ಆ ಹೊಲದಲ್ಲಿ ಬ್ಯಾಕ್ಟೀರಿಯಗಳೇ ಇಲ್ಲವೆಂದು ವಿದ್ಯಾರ್ಥಿಗಳು ಬರೆಯಬಾರದು. ಹೂವಿಗೆ ಮೊದಲು, ಬೇರು ಹರಿಯದಂತೆ ಅಗೆದು, ಗಂಟುಗಳನ್ನು ಎಣಿಸುವುದಷ್ಟೇ ಅಲ್ಲದೆ ಸೀಳಿ ಬಣ್ಣವನ್ನೂ ನೋಡಬೇಕು. ಎರಡನೆಯದಾಗಿ, ಸ್ಥಿರಗೊಂಡ ಸಾರಜನಕದ ಬಹುಭಾಗವು ಕಾಳಿನೊಡನೆ ಹೊಲದಿಂದ ಹೊರಟುಹೋಗುತ್ತದೆ. ನೆಲಕ್ಕೆ ಉಳಿಯುವುದು ಉದುರಿದ ಎಲೆ, ಬೇರು ಮತ್ತು ಸತ್ತ ಗಂಟುಗಳಲ್ಲಿರುವ ಪಾಲು. ಕಟ್ಟಿಗೆಯನ್ನು ಉರವಲಿಗೂ ಹೊಟ್ಟನ್ನು ದನಗಳಿಗೂ ಒಯ್ದಷ್ಟು ಆ ಪಾಲು ಕಡಿಮೆಯಾಗುತ್ತದೆ. ತೊಗರಿ ಬೆಳೆದ ಹೊಲ ತಾನಾಗಿಯೇ ಫಲವತ್ತಾಗುವುದೆಂಬ ನಂಬಿಕೆಯು ಈ ಲೆಕ್ಕವನ್ನು ಹಾಕಿದ ಮೇಲೆಯೇ ಒಪ್ಪತಕ್ಕದ್ದು.